ಆ ಒಂದು ಕುರಿ, ಆ ಒಂದು ಮಾತು



ಮಾಡಗ್ಯಾಳ ಕುರಿಗೆ ಹೆಸರಾದ ಜತ್ತ ತಾಲೂಕಿನವರು ನಾವು. ಸಂತ ಲೂಕರ ಶುಭಸಂದೇಶದ ಕಳೆದುಹೋದ ಕುರಿಯ ಸಾಮತಿಯನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಒಂದಕ್ಕಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹೋಗುವುದು ಸರಿಯೇ? ಈ ಪ್ರಶ್ನೆ ನನಗೆ ಈಚೆಗೆ ಎದುರಾದದ್ದು ದವಾಖಾನೆಯಲ್ಲಿ.

ಪರಿಚಯದ ಅಕ್ಕ ಒಬ್ಬರು ಮಗನನ್ನು ತೋರಿಸಲು ಹೊರಟಾಗ, ಮರಾಠಿ ಬರುತ್ತದೆಂದು ನನ್ನನ್ನೂ ಕರೆದೊಯ್ದರು. "ಅಂಗೈ ಅಂಗಾಲು ಉರಿತಾವು ಅಂತಾನ. ಬಿಸಿಲಾಗ ಆಡಿದ್ರೂ ಬೆವರಂಗಿಲ್ಲ. ಸಣ್ಣಾಂವಿದ್ದಾಗಿಂದ ಹಿಂಗ" ಎಂದು ಹೇಳುತ್ತಲೇ ಇದ್ದರು. ಹೊರಗೆ ಪಾಳಿ ಉದ್ದವಿತ್ತು. ನಾನು ಮರಾಠಿಯಲ್ಲಿ ಹೇಳಿದ್ದು ಇಷ್ಟೇ: ಕೈಕಾಲು ನೋಯುತ್ತವೆ. ನೋವಿನ ಗುಳಿಗೆ ಸಿಕ್ಕಿತು.

ಮನೆಗೆ ಬಂದು ಓದಿದಾಗ ತಿಳಿಯಿತು: ಚಿಕ್ಕಂದಿನಿಂದ ಅಂಗೈ ಅಂಗಾಲು ಉರಿ, ಬೆವರು ಕಡಿಮೆ, ಇವು ಫ್ಯಾಬ್ರಿ ಎಂಬ ಅಪರೂಪದ ಆನುವಂಶಿಕ ಕಾಯಿಲೆಯ ಲಕ್ಷಣಗಳೂ ಆಗಿರಬಹುದು. ಆ ಹುಡುಗನಿಗೆ ಅದೇ ಇದೆ ಎಂದು ನಾನು ಹೇಳುತ್ತಿಲ್ಲ. ಕೇಳಬೇಕಾದ ಪ್ರಶ್ನೆಯ ದಾರಿಯನ್ನೇ ನಾನು ಮುಚ್ಚಿಬಿಟ್ಟೆ ಎನ್ನುತ್ತಿದ್ದೇನೆ.

ಅಪರೂಪದ ಕಾಯಿಲೆಗಳು ಆರು ಸಾವಿರಕ್ಕೂ ಹೆಚ್ಚು. ಯಾವ ವೈದ್ಯರೂ ಎಲ್ಲವನ್ನೂ ನೆನಪಿಡಲಾರರು. ಅದಕ್ಕಾಗಿ ಈಗ ಕಂಪ್ಯೂಟರ್ ಸಹಾಯಕರು ಬಂದಿದ್ದಾರೆ; ಲಕ್ಷಣಗಳನ್ನು ಕೊಟ್ಟರೆ ಇರಬಹುದಾದ ಕಾಯಿಲೆಗಳ ಪಟ್ಟಿ ಕೊಡುತ್ತಾರೆ. ಕೇಂದ್ರ ಸರ್ಕಾರದ ಇ-ಸಂಜೀವನಿಯಲ್ಲೂ ಇಂಥ ನೆರವು ಸೇರಿದೆ.

ಇಲ್ಲೊಂದು ಲೆಕ್ಕ ನೋಡೋಣ. 10,000 ಜನರಲ್ಲಿ ಒಬ್ಬರಿಗಷ್ಟೇ ಬರುವ ಕಾಯಿಲೆ ಎಂದುಕೊಳ್ಳಿ. ಯಂತ್ರ ನೂರಕ್ಕೆ 99 ಸಲ ಸರಿಯಾಗಿಯೇ ಹೇಳಲಿ. ಆಗಲೂ ಆ ಕಾಯಿಲೆ ಇಲ್ಲದ ಸುಮಾರು 100 ಜನರಿಗೆ "ಇರಬಹುದು" ಎನ್ನುತ್ತದೆ. ನಿಜವಾಗಿ ಇರುವವರು ಒಬ್ಬರೇ. ಒಬ್ಬರನ್ನು ಹುಡುಕಲು ನೂರು ತಾಯಂದಿರ ನಿದ್ದೆ ಕೆಡಿಸಬಹುದೇ?

ಕುರುಬನನ್ನೇ ನೋಡಿ. ಅವನು ಕೂಗಾಡಿ ಮಂದೆಯನ್ನೆಲ್ಲ ಬೆದರಿಸುವುದಿಲ್ಲ. ಎಣಿಸುತ್ತಾನೆ, ಒಂದು ಕಡಿಮೆ ಎಂದು ತಿಳಿದರೆ ಹುಡುಕಿ ಹೊರಡುತ್ತಾನೆ. ಯಂತ್ರದ ಪಟ್ಟಿಯೂ ಹಾಗೆಯೇ ಬಳಕೆಯಾಗಲಿ. ಅದು ತೀರ್ಪಲ್ಲ, ಇನ್ನೊಂದು ಪ್ರಶ್ನೆ ಕೇಳಲು, ಅಗತ್ಯವಿದ್ದರೆ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಯಲು ಒಂದು ಕಾರಣ. 2021ರ ರಾಷ್ಟ್ರೀಯ ನೀತಿಯ ಪ್ರಕಾರ ಅಪರೂಪದ ಕಾಯಿಲೆಯವರಿಗೆ ಮುಂಬೈನ ಕೆ.ಇ.ಎಂ.ನಂಥ ಉತ್ಕೃಷ್ಟತಾ ಕೇಂದ್ರಗಳಲ್ಲಿ 50 ಲಕ್ಷ ರೂಪಾಯಿವರೆಗೆ ನೆರವು ಸಿಗಬಹುದು. ಆದರೆ ಮೊದಲು ಕಾಯಿಲೆ ಪತ್ತೆಯಾಗಬೇಕು.

ಪತ್ತೆ ಆರಂಭವಾಗುವುದು ಎಲ್ಲಿ? ನಮ್ಮ ಊರಲ್ಲಿ ನೋವು ಕನ್ನಡದಲ್ಲಿ ಹುಟ್ಟುತ್ತದೆ, ಮರಾಠಿಯಲ್ಲಿ ಹೇಳಲ್ಪಡುತ್ತದೆ, ಇಂಗ್ಲಿಷಿನಲ್ಲಿ ದಾಖಲಾಗುತ್ತದೆ. ಪ್ರತಿ ದಾಟಿನಲ್ಲೂ ಒಂದೊಂದು ಮಾತು ಕಳೆದುಹೋಗುತ್ತದೆ. ಎಂಥ ಜಾಣ ಯಂತ್ರವೂ ತನಗೆ ಹೇಳದ್ದನ್ನು ಹುಡುಕಲಾರದು. ಅಂದು ಆ ಒಂದು ಕುರಿಯನ್ನು ಕಳೆದವನು ವೈದ್ಯನಲ್ಲ, ಯಂತ್ರವೂ ಅಲ್ಲ; ಪಾಳಿಗೆ ಅವಸರಪಟ್ಟ ನಾನು.

ಮುಂದಿನ ವಾರ ಅಕ್ಕನ ಕ್ಷಮೆ ಕೇಳಿ, ಅವರ ಮಾತನ್ನು ಅವರು ಹೇಳಿದಂತೆಯೇ ಬರೆದುಕೊಂಡು ಮತ್ತೆ ಹೋದೆವು. ವೈದ್ಯರು ಪೂರ್ತಿ ಕೇಳಿ, ಮುಂದಿನ ತಪಾಸಣೆಗೆ ಬರೆದುಕೊಟ್ಟರು. ಫಲಿತಾಂಶ ಇನ್ನೂ ಬಂದಿಲ್ಲ.

ಯುವಮಿತ್ರರೇ, ಎರಡು ಮೂರು ಭಾಷೆ ಬಲ್ಲ ನಾವು ಹಿರಿಯರ ಜೊತೆ ದವಾಖಾನೆಗೆ ಹೋಗೋಣ. ಅವರ ಮಾತನ್ನು ಮೊಟಕು ಮಾಡದಿರೋಣ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಮಹಿಳೆ ನಡೆದದ್ದನ್ನೆಲ್ಲ ಹೇಳುವಾಗ, ಜನಜಂಗುಳಿಯ ನಡುವೆಯೂ ನಿಂತು ಕೇಳಿದ ಪ್ರಭು ಯೇಸು ನಮಗೂ ಆ ತಾಳ್ಮೆ ಕೊಡಲಿ.