ನಾಚಿಕೆಯೋ, ಸುಳ್ಳೋ?

ಧಾರವಾಡದಿಂದ ತಾರ್ನಾಕದ ನಮ್ಮ ಮನೆಗೆ ಬಂದಿದ್ದ ಅಕ್ಕ, ಮೂರನೆಯ ದಿನ ಅಡಿಗೆಮನೆಯಲ್ಲಿ ಮೆಲ್ಲಗೆ ಹೇಳಿದಳು: “ಮುಟ್ಟು ನಿಂತು ನಾಕು ವರ್ಷ ಆತು. ಒಳಗ ಒಣಗಿ ಉರೀತದ. ಅದಕ್ಕ ಬ್ಯಾರೆ ಖೋಲಿಯೊಳಗ ಮಲಗ್ತೀನಿ. ಅವರು, ನನಗ ಬ್ಯಾಸರಾಗೇದ ಅಂತ ತಿಳಕೊಂಡಾರ.” (ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.)

ಬಿ.ಎಸ್ಸಿ. ಓದಿದ ಜಂಬದಿಂದ ನಾನು ವಿವರಿಸತೊಡಗಿದೆ. ಈಸ್ಟ್ರೋಜನ್ ಕಡಮೆಯಾದಾಗ ಯೋನಿಯ ಒಳಪದರ ತೆಳುವಾಗುತ್ತದೆ. ಮೈ ಬಿಸಿಯೇರುವ ತೊಂದರೆಯಂತೆ ಇದು ತಾನಾಗಿ ಹೋಗುವುದು ಅಪರೂಪ. ಅಲ್ಲಿಗೆ ಸೋಪು ಬೇಡ. ಕೂಡುವಾಗ ನೀರಿನಂಶದ ಲೂಬ್ರಿಕೆಂಟ್ ಜೆಲ್ಲಿ ಸಾಕಾಗಬಹುದು. ಸಾಲದಿದ್ದರೆ ವೈದ್ಯರು ಅಲ್ಪ ಪ್ರಮಾಣದ ಈಸ್ಟ್ರೋಜನ್ ಕ್ರೀಮು ಬರೆದುಕೊಡುತ್ತಾರೆ. ರಕ್ತ ಕಂಡರಂತೂ ತಡಮಾಡದೆ ತೋರಿಸಬೇಕು.

“ಅದೆಲ್ಲಾ ಖರೆ. ಅವರಿಗೆ ಹೆಂಗ ಹೇಳಲಿ?” ಎಂದಳು.

ಪರರೆದುರು ಮುಚ್ಚಿಡುವುದು ಮರ್ಯಾದೆಯೇ ಸರಿ. ಆದರೆ ಮೂವತ್ತು ವರ್ಷ ಜೊತೆ ಬಾಳಿದವರನ್ನು ತಪ್ಪು ತಿಳಿವಳಿಕೆಯಲ್ಲಿ ಬಿಡುವ ಮೌನ? ಅದು ಸುಳ್ಳಿನ ಜಾತಿಯದೇ ಎಂದು ನನಗೆ ತೋರುತ್ತದೆ. ಹಾಗೆಂದು ನೋವು ನುಂಗಿ ಒಪ್ಪಿಕೊಳ್ಳುವುದು ಹೆಂಡತಿಯ ಧರ್ಮವೆಂದರೆ ನಾನು ಒಪ್ಪೆ. ಭಾವನವರೂ ಈ ನಾಲ್ಕು ವರ್ಷಗಳಲ್ಲಿ ಒಮ್ಮೆಯಾದರೂ “ಏನಾಗೇದ?” ಎಂದು ಕೇಳಬಹುದಿತ್ತಲ್ಲ!

ಮರುದಿನ ರಜೆ ಹಾಕಿ ವೈದ್ಯೆಯ ಬಳಿಗೆ ಕರೆದೊಯ್ದೆ. ಅಕ್ಕನಿಗೆ ತೆಲುಗು ಬಾರದು, ನಾನೇ ದುಭಾಷಿ. ಅವಳು ಕನ್ನಡದಲ್ಲಿ ನೇರವಾಗಿ ಹೇಳಿಬಿಟ್ಟಳು. ತೊದಲಿದವಳು ನಾನು.