ತೊಟ್ಟು ಬಿಟ್ಟ ಹಣ್ಣು

ಮೃತ್ಯುಂಜಯ ಮಂತ್ರವು ಋಗ್ವೇದದ 7ನೆಯ ಮಂಡಲದಲ್ಲಿ ಬಂದಿರುವುದು. ಅದನ್ನು ನಿತ್ಯವೂ ಜಪಿಸುವ ಭಕ್ತರು ಅನೇಕರುಂಟು. ಆದರೆ ಅದರೊಳಗೆ ಉಪಮೆಯಾಗಿ ಬಂದ ಉರ್ವಾರುಕವೆಂಬ ಹಣ್ಣಿನ ಸ್ವಭಾವವನ್ನು ಕಣ್ಣಾರೆ ಕಂಡವರೆಷ್ಟು ಮಂದಿ? ಭಾಷ್ಯಕಾರರು ಅದನ್ನು ಕರ್ಕಟೀಫಲವೆಂದು, ಎಂದರೆ ಸೌತೆಯ ಕುಲದ ಹಣ್ಣೆಂದು ಅರ್ಥಮಾಡಿರುವರು. ಪಕ್ವವಾದ ಹಣ್ಣು ಬಳ್ಳಿಯ ಬಂಧನದಿಂದ ತಾನಾಗಿ ಕಳಚುವಂತೆ ಜೀವನು ಮೃತ್ಯುವಿನಿಂದ ಬಿಡುಗಡೆ ಹೊಂದಲೆಂಬುದು ಅಲ್ಲಿಯ ಪ್ರಾರ್ಥನೆ. ಎಳೆಯ ಸೌತೆಯನ್ನು ಚಿವುಟಿ ತಂದು ಕೋಸಂಬರಿ ಮಾಡುವವರಿಗೆ ಈ ಉಪಮೆಯ ಸ್ವಾರಸ್ಯವು ಹೊಳೆಯದು. ಹಿತ್ತಲಿನಲ್ಲಿ ಕರಬೂಜದ ಬಳ್ಳಿ ಹಬ್ಬಿಸಿದವರಿಗೆ ವ್ಯಾಖ್ಯಾನದ ಅವಶ್ಯಕತೆಯೇ ಇಲ್ಲ.

ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯ ಸೀಮೆಯು ಅಡಕೆ, ಭತ್ತ, ಮೆಕ್ಕೆಜೋಳಗಳ ಸೀಮೆ. ಹಣ ತರುವ ಬೆಳೆಗೆ ಹೊಲವನ್ನೆಲ್ಲ ಒಪ್ಪಿಸಿದ ಗೃಹಸ್ಥನಿಗೂ ಬಚ್ಚಲಿನ ಹಿಂದೆ ನಾಲ್ಕು ಮಾರು ನೆಲ ಉಳಿದಿರುವುದುಂಟು. ಅಲ್ಲಿ ಒಬ್ಬ ವೃದ್ಧೆಯು ಸಂಕ್ರಾಂತಿ ಕಳೆದ ಎರಡು ವಾರಕ್ಕೆ ಕರಬೂಜದ ಬೀಜ ಊರಿದಳೆಂದು ಭಾವಿಸೋಣ. ಮೂರು ಮೊಳಕ್ಕೊಂದು ಗುಂಡಿ, ಗುಂಡಿಗೆ ಒಂದು ಬುಟ್ಟಿ ಕಳಿತ ಗೊಬ್ಬರ, ನಾಲ್ಕು ಬೀಜ. ಮೊಳೆತ ಮೇಲೆ ಗಟ್ಟಿಯಾದ ಎರಡು ಸಸಿಗಳನ್ನು ಮಾತ್ರ ಉಳಿಸುವುದು. ಎಲೆ ಕೊರೆಯುವ ಕೆಂಪು ದುಂಬಿಗೆ ಬೆಳಗಿನ ಇಬ್ಬನಿಯಲ್ಲಿ ಒಲೆಯ ಬೂದಿ ಎರಚುವಳು. ಮೊದಲು ಬಿಡುವ ಹೂವುಗಳೆಲ್ಲ ಗಂಡುಹೂವುಗಳು, ಉದುರಿಹೋಗುವುವು. ಅದನ್ನು ಕಂಡು ಗೊಡ್ಡು ಬಳ್ಳಿಯೆಂದು ಕಿತ್ತೆಸೆಯುವ ಅವಸರಗಾರರೂ ಇರುವರು. ಕಾಯಿ ಹೊರುವ ಹೂವು ಕವಲುಬಳ್ಳಿಯಲ್ಲಿ ತಡವಾಗಿ ಬರುವುದು. ಜೇನುನೊಣ ಬಂದು ಕುಳಿತರೆ ಮಾತ್ರ ಅದು ನಿಲ್ಲುವುದು.

ಎಪ್ಪತ್ತು ದಿನಗಳಾಗುವಾಗ ಕಾಯಿ ಪೂರ್ಣ ಗಾತ್ರಕ್ಕೆ ಬಂದಿರುವುದು. ಕಷ್ಟವು ಆಗ ಆರಂಭವಾಗುವುದು.

“ಅಜ್ಜಿ, ಕೀಳಲೇನು? ರಾತ್ರಿ ಯಾರಾದರೂ ಕದ್ದುಬಿಟ್ಟಾರು” ಎಂದು ಮೊಮ್ಮಗನು ಕಾಡುವನು.

“ತಡಿ ಮಗಾ, ಬಳ್ಳಿ ತಾನೇ ಕೊಡ್ತೈತಿ.”

ವೃದ್ಧೆಯ ಮಾತಿನಲ್ಲಿ ಶಾಸ್ತ್ರವಡಗಿದೆ. ಬಲಿತ ಮಾವನ್ನು ಕಾಯಿಯಾಗಿ ಕಿತ್ತು ಹುಲ್ಲಿನಲ್ಲಿ ಅಡೆ ಹಾಕಿದರೂ ಸಿಹಿಯಾಗುವುದು. ಅದರೊಳಗೆ ಕೂಡಿಟ್ಟ ಪಿಷ್ಟವು ಸಕ್ಕರೆಯಾಗಿ ಮಾರ್ಪಡುವುದು. ಕರಬೂಜದಲ್ಲಿ ಅಂತಹ ಗಂಟಿಲ್ಲ. ಕಡೆಯ ದಿನಗಳಲ್ಲಿ ಎಲೆಗಳು ಬಳ್ಳಿಯ ಮೂಲಕ ಕಳುಹುವ ಸಿಹಿಯೇ ಅದರ ಸರ್ವಸ್ವ. ಮೊದಲೇ ಕಿತ್ತರೆ ಮೆತ್ತಗಾದೀತು, ಸಿಹಿಯಾಗದು. ಗುರುಸನ್ನಿಧಿಯಲ್ಲಿ ಆರು ತಿಂಗಳಿದ್ದು ಪ್ರವಚನಕ್ಕೆ ಹೊರಡುವವರ ಮಾತೂ ಹೀಗೆಯೇ ಮೆತ್ತಗಿರುವುದು! ಹಣ್ಣು ಸಿದ್ಧವಾದಾಗ ಸಿಪ್ಪೆಯ ಹಸುರು ಹಳದಿಗೆ ತಿರುಗುವುದು, ಹಿತ್ತಲೆಲ್ಲ ಘಮಘಮಿಸುವುದು, ತೊಟ್ಟಿನ ಸುತ್ತ ಕೂದಲೆಳೆಯಂತಹ ಬಿರುಕು ಮೂಡುವುದು. ಹೆಬ್ಬೆರಳು ಸೋಕಿದರೆ ಸಾಕು, ಕೈಗೆ ಬರುವುದು.

ಕೆಲವರ ಹಣ್ಣು ಸಪ್ಪೆಯಾಗುವುದು. ಆಗ ಪಕ್ಕದ ಮನೆಯವರ ಸೌತೆಬಳ್ಳಿಯ ಸೋಂಕಿನಿಂದ ಹೀಗಾಯಿತೆಂದು ದೂರುವರು. ಸೌತೆಗೂ ಕರಬೂಜಕ್ಕೂ ಬೆರಕೆಯೇ ಆಗದು. ಕೆಕ್ಕರಿಕೆಯು ಬೆರೆಯುವುದು ನಿಜ. ಆದರೂ ಆ ಗುಣವು ಮುಂದಿನ ವರುಷ ಬೀಜದಲ್ಲಿ ತೋರುವುದಲ್ಲದೆ ಈ ವರುಷದ ತಿರುಳಿನಲ್ಲಲ್ಲ. ಹಣ್ಣಾಗುವ ಹೊತ್ತಿನಲ್ಲಿ ಕಾಲುವೆಯ ನೀರು ಬಂದಿತೆಂದು ಬೇಕಾಬಿಟ್ಟಿ ಹಾಯಿಸಿದವನೇ ಸಾಮಾನ್ಯವಾಗಿ ಅಪರಾಧಿ. ಆಗ ನೀರು ಹೆಚ್ಚಾದರೆ ಹಣ್ಣು ಸೀಳುವುದು, ರುಚಿಯು ತೆಳುವಾಗುವುದು.

ರುಚಿಯನ್ನು ತೊರೆಯಿರೆಂದು ಶರಣರು ಹೇಳಿದವರಲ್ಲ. ಷಟ್‌ಸ್ಥಲದಲ್ಲಿ 3ನೆಯದು ಪ್ರಸಾದಿಸ್ಥಲ. ನಾಲಗೆಯ ಸವಿಯನ್ನೂ ಲಿಂಗಕ್ಕೆ ಅರ್ಪಿಸಿ ಸ್ವೀಕರಿಸುವುದು ಅದರ ಮರ್ಮ. ಬೆಲ್ಲ, ಏಲಕ್ಕಿ, ಕಾಯಿಹಾಲು ಬೆರೆಸಿದ ಕರಬೂಜದ ರಸಾಯನವನ್ನು ಹಾಗೆ ಅರ್ಪಿಸಿ ಸವಿದರೆ ಸಂಕೋಚಕ್ಕೆ ಕಾರಣವಿಲ್ಲ. ಪ್ರಶ್ನೆಯಿರುವುದು ಉಳಿದ ಹಣ್ಣುಗಳಲ್ಲಿ. ಹನ್ನೆರಡು ಹಣ್ಣುಗಳು ಒಂದೇ ವಾರದಲ್ಲಿ ತೊಟ್ಟು ಬಿಡುವುವು. ಬೇಸಗೆಯ ಸೆಕೆಯಲ್ಲಿ ಎರಡು ಮೂರು ದಿನಕ್ಕೆ ಹುಳಿಯುವುವು.

ಆಯ್ದಕ್ಕಿ ಮಾರಯ್ಯನು ರೂಢಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಹೆಚ್ಚಿನದನ್ನು ಮರಳಿಸಿ ಬರುವಂತೆ ಕಳುಹಿದ ಕಥೆಯು ಎಲ್ಲರಿಗೂ ತಿಳಿದಿದೆ. ಅಕ್ಕಿಯು ಕೆಡುವ ವಸ್ತುವಲ್ಲ, ಗಡಿಗೆಯಲ್ಲಿಟ್ಟು ಕಾಪಾಡಬಹುದಾಗಿತ್ತು. ಕೂಡಿಡಲು ಸಾಧ್ಯವಿದ್ದೂ ಕೂಡಿಡದಿದ್ದುದು ಆ ಮಹಾತಾಯಿಯ ಹಿರಿಮೆ. ಕರಬೂಜ ಹಂಚಿದವರಿಗೆ ಅಷ್ಟು ಹಿರಿಮೆ ಸಲ್ಲದು. ಹಂಚದಿದ್ದರೆ ತಿಪ್ಪೆಗೇ ಹೋಗುತ್ತಿತ್ತಲ್ಲವೆ? ಆದುದರಿಂದ ಅದು ದಾಸೋಹವೋ ಅಲ್ಲವೋ ಎಂಬುದು ಎಷ್ಟು ಹಣ್ಣು ಕೊಟ್ಟರೆಂಬುದರಿಂದ ತಿಳಿಯದು. ಮೊದಲು ಕಳಚಿದ ಘಮಘಮಿಸುವ ಹಣ್ಣು ಯಾರ ಮನೆಗೆ ಹೋಯಿತು, ಸೀಳಿದ್ದು ಯಾರ ಮನೆಗೆ ಹೋಯಿತು ಎಂದು ನೋಡಬೇಕು.

ಆ ವೃದ್ಧೆಯು ಮೊದಲ ಹಣ್ಣನ್ನು ಎದುರುಸಾಲಿನ ಕೂಲಿಯವರ ಮನೆಗೆ ಕಳುಹುವಳೆಂದುಕೊಳ್ಳೋಣ. “ನಾವೇ ಇನ್ನೂ ತಿಂದಿಲ್ಲವಲ್ಲಜ್ಜಿ” ಎಂದು ಹುಡುಗನು ಮುಖ ಊದಿಸುವನು. “ಅವರಿಗೆ ಹಿತ್ತಲಿಲ್ಲ ಮಗಾ” ಎಂದಷ್ಟೇ ಆಕೆಯ ಉತ್ತರ. ಅಕ್ಷಯ ತದಿಗೆಯ ಬಸವ ಜಯಂತಿಗೆ ಎರಡು ಹಣ್ಣು ಪಾನಕಕ್ಕೆ ಸೇರುವುವು. ಮನೆಯವರ ಪಾಲಿಗೆ ಬಂದದ್ದು ಬಿರಿದ ಹಣ್ಣು. ಅದೂ ಸಿಹಿಯಾಗಿಯೇ ಇತ್ತೆನ್ನಿ. ಅದರ ಬೀಜವನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಬೂದಿಯಲ್ಲಿ ಹೊರಳಿಸಿ ಬಟ್ಟೆಯಲ್ಲಿ ಕಟ್ಟಿಡುವಳು. ಅಂಗಡಿಯಿಂದ ತಂದ ಮಿಶ್ರತಳಿಯ ಬೀಜವಾದರೆ ಮರುವರುಷ ಅದೇ ಹಣ್ಣು ಬಾರದು, ನಾಟಿಯದಾದರೆ ಬರುವುದು. ಮುಂದಿನ ಸಂಕ್ರಾಂತಿಗೆ ಆ ಗಂಟಿನಿಂದ ಒಂದು ಹಿಡಿ ಬೀಜ ಕೇಳಲು ನೆರೆಯವರು ಬಾಗಿಲಿಗೆ ಬರುವರು.