ಮರೆವಿಗೆ ಹೊಣೆ ಯಾರು?

ಕೊಟ್ಟ ಮಾತನ್ನು ಮರೆತವನನ್ನು ನಾವು ಬೇಜವಾಬ್ದಾರಿಯವನೆನ್ನುತ್ತೇವೆ. ಸಣ್ಣ ಮಾತಿಗೆ ಸಿಡಿದೆದ್ದವನನ್ನು ಅಹಂಕಾರಿಯೆನ್ನುತ್ತೇವೆ. ಮನೆಯೊಳಗೆ ‘ಮರೆಗುಳಿ’, ‘ಮುಂಗೋಪಿ’. ಹೊಸ್ತಿಲು ದಾಟಿದರೆ ಮರಾಠಿಯ ‘ವೇಂಧಳಾ’. ಪುಣೆಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಬೈಗುಳವೂ ಎರಡು ಭಾಷೆಗಳಲ್ಲಿ ಸಿಗುತ್ತದೆ! ಆದರೆ ಇವೆಲ್ಲ ನಡತೆಯ ದೋಷಗಳೇ ಎಂದು ನಾವು ಕೇಳಿಕೊಂಡಿದ್ದೇವೆಯೇ?

1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಅವರು, ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ಆವೇಗವನ್ನು ತಡೆಯಲಾರದ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟರು. ಅದನ್ನು ಅವರು ಕರೆದದ್ದು ನೈತಿಕ ನಿಯಂತ್ರಣದ ದೋಷವೆಂದು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಗಮನದ ಕೊರತೆಯೆಂದಿತು, 1987ರಲ್ಲಿ ಎ.ಡಿ.ಎಚ್.ಡಿ. ಎಂಬ ಈಗಿನ ಹೆಸರು ಬಂತು. ನೀತಿಯ ಕಟಕಟೆಯಿಂದ ವೈದ್ಯರ ಕೋಣೆಗೆ ಬರಲು ಸುಮಾರು ಎಂಬತ್ತು ವರ್ಷ ಹಿಡಿಯಿತು. ಇದು ವಂಶದಲ್ಲಿ ಹರಿದು ಬರುವುದುಂಟು, ಅನೇಕರಲ್ಲಿ ದೊಡ್ಡವರಾದ ಮೇಲೂ ಉಳಿಯುವುದುಂಟು. ಇಂಥವರಲ್ಲಿ ಹಲವರಿಗೆ ಮರೆವಷ್ಟೇ ಅಲ್ಲ, ಭಾವನೆಯೂ ಹತೋಟಿಗೆ ಸಿಗುವುದಿಲ್ಲ. ಸಿಟ್ಟು ಥಟ್ಟನೆ ಏರುತ್ತದೆ, ಒಂದು ಟೀಕೆ ಆಳಕ್ಕೆ ನಾಟುತ್ತದೆ.

ಹಾಗಾದರೆ ಹೊಣೆಯೇ ಇಲ್ಲವೇ? ‘ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ?’ ಎಂದು ನಮ್ಮ ಹಿರಿಯರು ಕೇಳಿದ್ದಾರೆ. ಕಾರಣ ಏನೇ ಇರಲಿ, ನೋವು ನೋವೇ. ನಮಗೆ ತೋರುವುದಿಷ್ಟು: ಸಿಟ್ಟು ಬರುವುದು ಅವರ ಕೈಯಲ್ಲಿಲ್ಲದಿರಬಹುದು, ಹಾಗೆ ಬರುತ್ತದೆಂದು ತಿಳಿದ ಮೇಲೆ ಅದಕ್ಕೊಂದು ಏರ್ಪಾಡು ಮಾಡಿಕೊಳ್ಳುವುದು ಅವರ ಕೈಯಲ್ಲಿದೆ. ವೈದ್ಯರನ್ನು ಕಾಣುವುದು, ಕೆಲಸಗಳನ್ನು ಕ್ಯಾಲೆಂಡರಿನಲ್ಲಿ ಬರೆದಿಡುವುದು, ಮಾತು ಮೀರುವ ಮುನ್ನ ಕೋಣೆ ಬಿಟ್ಟು ಹೊರಬರುವುದು, ಆಡಿದ್ದು ತಪ್ಪಾದರೆ ಕೇಳಿಸಿಕೊಳ್ಳದೆಯೇ ಕ್ಷಮೆ ಬೇಡುವುದು ಅವರ ಪಾಲಿನ ಹೊಣೆ. ಪ್ರೀತಿಯನ್ನು ನೆನಪಿನ ಅಳತೆಗೋಲಿನಿಂದ ಅಳೆಯದಿರುವುದು ಉಳಿದವರ ಹೊಣೆ. ‘ನನ್ನ ಹುಟ್ಟುಹಬ್ಬ ಮರೆತರು, ಆದ್ದರಿಂದ ನಾನು ಬೇಡವಾದೆ’ ಎಂಬುದು ನಾವೇ ಕಟ್ಟಿಕೊಂಡ ತರ್ಕ.

ಆದರೆ ಈ ಸಹನೆಯನ್ನು ಯಾರಿಂದ ಕೇಳುತ್ತಿದ್ದೇವೆ? ಧಾರವಾಡ, ವಿಜಯಪುರಗಳ ತುಂಬಿದ ಮನೆಗಳಲ್ಲಿ ಹಟ ಹಿಡಿದ ಹುಡುಗನನ್ನು ಅಜ್ಜಿ ಎತ್ತಿಕೊಂಡು ಹೋಗುತ್ತಿದ್ದಳು. ಅಣ್ಣ ಮರೆತ ಲೈಟ್ ಬಿಲ್ಲನ್ನು ಕಾಕಾ ಕಟ್ಟಿ ಬರುತ್ತಿದ್ದ. ಒಬ್ಬನ ಮರೆವು ಹತ್ತು ಜನರ ಮೇಲೆ ಹಂಚಿಹೋಗುತ್ತಿತ್ತು. ಅಲ್ಲಿಯೂ ಬೈಗುಳವಿತ್ತು, ಏಟೂ ಬೀಳುತ್ತಿತ್ತು. ಭಾರ ಮಾತ್ರ ಒಬ್ಬರದೇ ಆಗಿರಲಿಲ್ಲ. ಕೋಥರೂಡಿನ, ಹಡಪಸರದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅದೆಲ್ಲವೂ ಒಬ್ಬ ಹೆಂಡತಿಯ, ಒಬ್ಬ ಗಂಡನ ತಲೆಯ ಮೇಲೆ ಬೀಳುತ್ತದೆ. ಅವರಿಂದ ಕೊನೆಯಿಲ್ಲದ ತಾಳ್ಮೆಯನ್ನು ಬಯಸುವುದೂ ಅನ್ಯಾಯವೇ.

ಆದ್ದರಿಂದ ಇದನ್ನು ಮನೆಯ ಗುಟ್ಟೆಂದು ಮುಚ್ಚಿಡದೆ ನಾಲ್ಕು ಆಪ್ತರೊಡನೆ ಮಾತಾಡಬೇಕು. ‘ನಿಮ್ಮ ಹುಡುಗನಿಗೆ ಶಿಸ್ತಿಲ್ಲ’ ಎನ್ನುವ ಬದಲು, ‘ಭಾನುವಾರ ಸಂಜೆ ಅವನು ನಮ್ಮಲ್ಲಿರಲಿ, ನೀವಿಬ್ಬರೂ ಸ್ವಲ್ಪ ತಿರುಗಾಡಿ ಬನ್ನಿ’ ಎಂದು ನಮ್ಮಲ್ಲೊಬ್ಬರು ಹೇಳಿದರೆ, ಊರಲ್ಲಿ ಬಿಟ್ಟು ಬಂದ ಆ ಹತ್ತು ಜನರಲ್ಲಿ ಒಬ್ಬರಾದರೂ ಇಲ್ಲಿ ಸಿಕ್ಕಂತಾದೀತು.